ಮಕ್ಕಳ ಕುಣಿತ ಕೊನೆಗೆ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಇಬ್ಬರು ಹಿರಿಯರು. ಒಬ್ಬರು ಕೊರಳಿನ ಟೇಪು ತೆಗೆಯಲು ಮರೆತು ಬಂದ ಟೈಲರ್. ಇನ್ನೊಬ್ಬರು ಪ್ರಿಂಟಿಂಗ್ ಪ್ರೆಸ್ಸಿನವರು. ಇವರು ತಮ್ಮಿಬ್ಬರ ಹಳೇ ಯುವಕ ಸಂಘದ ಮನರಂಜನೆ ಕಾರ್ಯಕ್ರಮಗಳ ಚರಿತ್ರೆ ಬರೆಯುತ್ತಿದ್ದರಂತೆ.

“ವರ್ಷಕ್ಕೆ ಮೂರು ಹಾಡು, ಹನ್ನೆರಡು ವರ್ಷ ಹಾಡಿದೆ. ಯಾರೂ ಎದ್ದು ಹೋಗಲಿಲ್ಲ ಅಂತ ಬರಿ,” ಎಂದರು ಟೈಲರ್.

“ಹೇಗೆ ಹೋಗ್ತಾರಣ್ಣಾ? ಮಕ್ಕಳ ಕುಣಿತ ನಿನ್ನ ಹಾಡಾದ ಮೇಲೆ ಇಡ್ತಿದ್ದೆ. ಅಪ್ಪ ಅಮ್ಮಂದಿರು ಹಲ್ಲು ಕಚ್ಚಿ ಕೂತಿರ್ತಿದ್ರು.”

“ಮತ್ತೆ ಆ ಚಪ್ಪಾಳೆ?”

“ನೀನು ಮುಗಿಸಿದ್ದಕ್ಕೆ. ಮಕ್ಕಳಿಗೆಲ್ಲ ಮಂಗನಬಾವು ಬಂದ ವರ್ಷ ಮರೆತ್ಯಾ? ಕುಣಿತ ಇಲ್ಲ ಅಂದ ತಕ್ಷಣ ಹಾಲೇ ಖಾಲಿ.”

“ಅಯ್ಯೋ ಪಾಪಿ! ಮೈಕು ಕೆಟ್ಟಿತ್ತು ಅಂತ ಇವತ್ತಿನವರೆಗೂ ಅಂದ್ಕೊಂಡಿದ್ದೆ.”

“ಆವತ್ತು ಅತ್ತಿಗೆ ಒಬ್ರೇ ಕೂತಿದ್ರು. ನಿನ್ನ ಹಾಡಿಗೆ ಮನಸೋತು ಅಂತ ಬರೆದಿದ್ದೀನಿ.”

“ಹೊಡೆದುಹಾಕು. ಅವಳು ಕಾದದ್ದು ಹೊದಿಕೆಗೆ. ಪರದೆ ಅಂತ ನಾವು ಕಟ್ಟಿದ್ದು ಅವರ ಮನೆ ಹೊದಿಕೆ ತಾನೇ? ಮದುವೆಯಾದ ವಾರಕ್ಕೇ ಹೇಳಿದ್ಲು.”

ಪ್ರೆಸ್ಸಿನವರು ಜೇಬಿನಿಂದ ಪೆನ್ನು ತೆಗೆದರು. ಟೈಲರ್ ಟೇಪನ್ನು ಬೆರಳಿಗೆ ಸುತ್ತಿಕೊಂಡರು.

“ತಡಿ. ಮೊದಲನೇ ಹಾಡಿಗೇ ಹೊದಿಕೆ ಬಿಚ್ಕೊಂಡು ಹೋಗಬಹುದಿತ್ತು. ಮೂರೂ ಮುಗಿಯೋ ತನಕ ಕೂತಿದ್ಲು.”

ಅಷ್ಟರಲ್ಲಿ ಒಳಗಿನಿಂದ ಕರೆದರು. ಇಬ್ಬರೂ ಎದ್ದರು. ನಗು ತಡೆಯಲು ನಾನು ಕೆನ್ನೆ ಗಟ್ಟಿಯಾಗಿ ಒತ್ತಿಕೊಂಡೆ.

“ಈಗಲೂ ನಾನು ಹಾಡೋಕೆ ಬಾಯಿ ತೆಗೆದ್ರೆ ಸಾಕು, ಅಕ್ಕಪಕ್ಕದವರಿಗೆ ಕೇಳಿಸುತ್ತೆ ಅಂತ ಎದ್ದು ಬಾಗಿಲು ಹಾಕ್ತಾಳೆ,” ಎನ್ನುತ್ತಾ ಟೈಲರ್ ನಡೆದರು. “ಆದ್ರೆ ಒಳಗಡೆ ಇದ್ಕೊಂಡೇ ಹಾಕ್ತಾಳೆ ಕಣೋ.”