ಹರಿದ ಹಗ್ಗದ ಉಳಿದರ್ಧ

ನಂಬುವವರು ನಂಬಿರಿ, ನಗುವವರು ನಗಿರಿ. ನಾನು ಒಂದಕ್ಷರ ಕೂಡಿಸದೆ ಹೇಳುತ್ತೇನೆ. ಸೋಮವಾರದ ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಕೂತವನು ಸುಳ್ಳು ಹೇಳಿದರೆ ಆ ವಿಭೂತಿಗೇ ಅವಮಾನ.

ಇದು ನಡೆದದ್ದು ನನ್ನ ಸೋದರಮಾವನ ಮಗ ಅಡಿವೆಪ್ಪನಿಗೆ, ಅಬುಧಾಬಿಯಲ್ಲಿ, ತೊಂಬತ್ತರ ದಶಕದ ಕೊನೆಗೆ. ಈಗ ನಾವೆಲ್ಲ ಸಂಸಾರ ಹೂಡಿರುವ ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಆಗ ಬರೀ ಮರಳು. ವಿಲ್ಲಾ ಇಲ್ಲ, ಶಾಲೆ ಇಲ್ಲ, ದಾರಿಗೆ ದೀಪವಿಲ್ಲ. ಮುಸಫ್ಫಾದ ಗ್ಯಾರೇಜುಗಳು ಮುಗಿದ ಕಡೆಯಿಂದ ನಮ್ಮ ಲೇಬರ್ ಕ್ಯಾಂಪಿಗೆ ಒಂದು ಕಾಲುದಾರಿ ಇತ್ತು. ನಡುವೆ ಒಂದು ಹಾಳು ಬಾವಿ. ಬಾವಿಯ ಮೇಲೆ ಬಾಗಿದ ಒಂದು ಗಾಫ್ ಮರ. ಗಾಫ್ ಅಂದರೆ ಬೇರೇನಲ್ಲ, ನಮ್ಮ ಬನ್ನಿ ಮರವೇ. ಅದಕ್ಕೇ ಅಡಿವೆಪ್ಪ ದಿನಾ ಬೆಳಗ್ಗೆ ಆ ಮರಕ್ಕೆ ಕೈಮುಗಿದು ಕೆಲಸಕ್ಕೆ ಹೋಗುತ್ತಿದ್ದ. ನಾವಿಬ್ಬರೂ ಒಂದೇ ರೂಮಿನವರು. ನಾನು ವೆಲ್ಡಿಂಗ್ ಶಾಪಿನಲ್ಲಿ, ಅವನು ಒಂದು ಯಾರ್ಡಿನಲ್ಲಿ ರಿಕವರಿ ಲಾರಿಯ ಡ್ರೈವರ್. ಮರಳಲ್ಲಿ ಹೂತ ಗಾಡಿ, ರಸ್ತೆಯಲ್ಲಿ ಕೆಟ್ಟ ಗಾಡಿಗಳನ್ನು ಎಳೆದು ತರುವ ಕೆಲಸ. ಆ ಯಾರ್ಡಿಗೆ ಅವನು ಹೊಸಬ.

ಊರಲ್ಲಿ ನಮ್ಮ ಮಾವ ಒಂದು ಮಾತು ಹೇಳುತ್ತಿದ್ದ. ಹಗ್ಗ ನೋಡದೆ ಎತ್ತು ಹೂಡಬಾರದು, ಜೀವ ತೆಗೆದ ಹಗ್ಗವನ್ನು ತುಂಡು ಮಾಡದೆ ಬಿಡಬಾರದು. ಅಡಿವೆಪ್ಪ ಆ ಮಾತನ್ನು ದುಬೈ, ಅಬುಧಾಬಿ ಅಂತ ಎಲ್ಲಿಗೆ ಬಂದರೂ ಬಿಟ್ಟವನಲ್ಲ. ಉಕ್ಕಿನ ಹಗ್ಗ ಕೈಗೆ ಬಂದರೆ ಮೊದಲು ಹಳೆಯ ಧೋತರದ ತುಂಡೊಂದನ್ನು ಅದರ ಮೇಲೆ ಆ ತುದಿಯಿಂದ ಈ ತುದಿಗೆ ಎಳೆಯುತ್ತಿದ್ದ. ಬರಿಗೈ ಎಳೆದರೆ ಕೈ ಸೀಳುತ್ತದೆ. ಬಟ್ಟೆಯಾದರೆ, ಎಲ್ಲಿ ಒಳಗಿನ ಸಣ್ಣ ತಂತಿ ಹರಿದು ಮುಳ್ಳಾಗಿದೆಯೋ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಆ ದಿನ ಮಧ್ಯಾಹ್ನ ಯಾರ್ಡಿನ ಫೋರ್ಮನ್ ಗೇಬ್ರಿಯಲ್, ಮಂಗಳೂರು ಕಡೆಯವರು, ಸ್ಟೋರಿನಿಂದ ಒಂದು ಉಕ್ಕಿನ ಹಗ್ಗ ತಂದು ಇವನ ಮುಂದೆ ಧಡ್ ಎಂದು ಹಾಕಿದರು. ಅಡಿವೆಪ್ಪ ಬಟ್ಟೆ ಎಳೆದ. ಸಿಕ್ಕಿತು. ಬಿಡಿಸಿ ಮತ್ತೆ ಎಳೆದ. ಮತ್ತೆ ಸಿಕ್ಕಿತು.

"ಇದು ಬ್ಯಾಡ್ರಿ ಸಾಹೇಬ್ರ. ತುದಿ ನೋಡ್ರಿ, ಹರದದ್ದಕ್ಕ ಕ್ಲಾಂಪ್ ಹಾಕಿ ಕುಣಿಕಿ ಮಾಡ್ಯಾರ. ಎಲ್ಲೋ ಹರದ ಹಗ್ಗದ ಉಳಿದರ್ಧ ಇದು."

"ಉಳಿದ ಅರ್ಧ ಒಳ್ಳೇದೇ ಉಂಟಲ್ಲ ಮಾರಾಯ?"

"ಹರದ ಹಗ್ಗದಾಗ ಒಳ್ಳೆ ಅರ್ಧ ಅನ್ನೂದು ಇರಂಗಿಲ್ರಿ. ಜಗ್ಗಿದ್ದು ಇಡೀ ಹಗ್ಗಾನ ಜಗ್ಗಿರತೈತಿ."

"ನೀನು ಎಂತ, ಹಗ್ಗದ ಡಾಕ್ಟ್ರಾ? ಹೊಸತು ಕೇಳಿದ್ರೆ ಅರಬಾಬ್ ನನ್ನನ್ನೇ ಗಾಡಿಗೆ ಕಟ್ಟಿ ಎಳೀತಾನೆ." ಅರಬಾಬ್ ಅಂದರೆ ಧಣಿ. "ನಾಳೆ ಬೆಳಿಗ್ಗೆ ಸಿಮೆಂಟಿನ ಟ್ರೇಲರ್ ಎಳೀಲಿಕ್ಕೆ ಉಂಟು. ಇದನ್ನೇ ಹಾಕು. ಆಗೂದಿಲ್ಲ ಅಂದ್ರೆ ವೀಸಾ ಕ್ಯಾನ್ಸಲ್. ಖಲಾಸ್."

ಅಡಿವೆಪ್ಪ ಲೆಕ್ಕ ಹಾಕಿದ. ವೀಸಾ ಹೋದರೆ ಊರಲ್ಲಿ ಮತ್ತೆ ಇನ್ನೊಬ್ಬರ ಹೊಲದ ಕೆಲಸ. ಹಗ್ಗ ಹಾಕಿದರೆ ನಾಳೆ ಯಾರದೋ ತಲೆ. ಏಕೆಂದರೆ ಬಿಗಿದ ಉಕ್ಕಿನ ಹಗ್ಗ ಹರಿದರೆ ಕೆಳಗೆ ಬೀಳುವುದಿಲ್ಲ… ಬೀಸುತ್ತದೆ. ಎದುರಿಗೆ ಸಿಕ್ಕಿದವನನ್ನು ಚಾವಟಿಯ ಹಾಗೆ ಬಾರಿಸಿಕೊಂಡು ಹೋಗುತ್ತದೆ. ಹಗ್ಗ ಸುತ್ತಿ ಲಾರಿಯ ಪೆಟ್ಟಿಗೆಯಲ್ಲಿಟ್ಟ. ಬೀಗ ಹಾಕಿದ. ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ.

ಕೆಲಸ ಮುಗಿದು ಅವನು ಕ್ಯಾಂಪಿನ ದಾರಿ ಹಿಡಿದಾಗ ರಾತ್ರಿಯಾಗಿತ್ತು. ಅಮಾವಾಸ್ಯೆ. ಹಿಂದೆ ಗ್ಯಾರೇಜುಗಳ ಜನರೇಟರ್ ಸಪ್ಪಳ ಕಡಿಮೆಯಾಗುತ್ತ ಆಗುತ್ತ ನಿಂತೇ ಹೋಯಿತು. ಚಪ್ಪಲಿಯ ಕೆಳಗೆ ಮರಳು ಮಾತ್ರ… ಸರ್… ಸರ್…

ಗಾಫ್ ಮರ ಹತ್ತಿರ ಬಂತು.

ಟಿಕ್…

ನಿಂತ. ಏನೂ ಇಲ್ಲ. ಮತ್ತೆ ಹೆಜ್ಜೆ ಇಟ್ಟ.

ಟಿಕ್… ಟಿಕ್…

ಕಡ್ಡಿ ಮುರಿದ ಸಪ್ಪಳವಲ್ಲ, ನೀರು ತೊಟ್ಟಿಕ್ಕುವ ಸಪ್ಪಳವೂ ಅಲ್ಲ. ಆ ಬಾವಿಯಲ್ಲಿ ನೀರೆಲ್ಲಿ ಬರಬೇಕು? ಅದು ಬಿಗಿದ ಉಕ್ಕಿನ ಹಗ್ಗದೊಳಗೆ ಒಂದೊಂದೇ ತಂತಿ ಹರಿಯುವ ಸಪ್ಪಳ. ಅದರ ಹಿಂದೆ, ತೀರ ಸಣ್ಣಗೆ, ಗುಂಯ್… ಎಂದು ಹಗ್ಗ ನಡುಗುವ ದನಿ. ಆ ಕೆಲಸ ಮಾಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಅಣ್ಣಾ…"

ಬಾವಿಯ ಕಟ್ಟೆಯ ಕಡೆಯಿಂದ. ಎಳೆಯ ದನಿ. ಪಿಸುಮಾತು.

"ಯಾರಪಾ ಅದು?"

"ಟ್ಯಾಂಕರ್ ಹೂತಿದೆ ಅಣ್ಣಾ. ಎಳೆದು ಕೊಡಿ."

ಯಾರೋ ಪಾಪದ ಹುಡುಗ ಅಂದುಕೊಂಡ. "ಗಾಡಿ ತಂದಿಲ್ಲೋ ತಮ್ಮಾ. ಹಗ್ಗಾನೂ ಇಲ್ಲ. ಏನ ನಿನ್ನ ಹೆಸರು?"

"ಕ್ಯಾಮಿಲಸ್… ಹಗ್ಗ ಉಂಟು ಅಣ್ಣಾ. ಹಿಡೀರಿ."

ಅಂಗೈಗೆ ತಣ್ಣನೆಯ ಭಾರ ಬಂತು. ಕೊಟ್ಟ ಕೈ ಮಾತ್ರ ಕಾಣಲಿಲ್ಲ. ಅಡಿವೆಪ್ಪನಿಗೆ ರೂಢಿ ನೋಡಿ… ಹಗ್ಗ ಸಿಕ್ಕೊಡನೆ ಹೆಗಲ ಮೇಲಿನ ಧೋತರದ ತುಂಡು ತೆಗೆದು ಎಳೆದ. ಸಿಕ್ಕಿತು. ಬಿಡಿಸಿ ಎಳೆದ. ಮತ್ತೆ ಸಿಕ್ಕಿತು. ಬೆರಳಿಗೆ ಕ್ಲಾಂಪ್ ತಾಗಿತು. ಒಂದರ ಪಕ್ಕ ಒಂದು, ಸೊಟ್ಟಗೆ ಬಿಗಿದ ಕ್ಲಾಂಪುಗಳು.

ಮಧ್ಯಾಹ್ನದ ಹಗ್ಗ. ಬೀಗ ಹಾಕಿ ಬಂದ ಹಗ್ಗ. ಕೀಲಿ ಉಡದಾರದಲ್ಲೇ ಇದೆ. ಮುಟ್ಟಿ ನೋಡಿಕೊಂಡ.

ಓಡಲಿಲ್ಲ ಅವನು. ಅವನೇ ನನಗೆ ಹೇಳಿದ್ದು: "ಮೊದಲ ಕಾಲ ಬರಲಿಲ್ಲೋ ಅಣ್ಣಾ. ಆಮ್ಯಾಲ ಸಿಟ್ಟ ಬಂತು."

"ಈ ಹಗ್ಗದಾಗ ನಾ ಎಳಿಯಂಗಿಲ್ಲ," ಅಂದ.

ಟಿಕ್… ಟಿಕ್…

"ಎಳೀರಿ ಅಣ್ಣಾ. ಇಲ್ಲಿಂದ ಹೋಗಬೇಕು ನನಗೆ. ನಾನು ಹಗ್ಗದ ಹತ್ತಿರವೇ ನಿಲ್ತೇನೆ. ನೋಡಿ ಹೇಳ್ತೇನೆ."

"ಹುಚ್ಚಾ! ಜಗ್ಗು ಮುಂದ ಹಗ್ಗದ ಬಾಜೂ ನಿಲ್ಲಬಾರದಂತ ನಿನಗ ಯಾರೂ ಹೇಳಿಲ್ಲೇನ?"

ಸಪ್ಪಳ ನಿಂತಿತು. ಗುಂಯ್ ದನಿಯೂ ನಿಂತಿತು.

"ಇಲ್ಲ ಅಣ್ಣಾ… ಯಾರೂ ಹೇಳಲಿಲ್ಲ."

ಅಡಿವೆಪ್ಪ ಹಗ್ಗ ಹಿಡಿದೇ ಕಟ್ಟೆಯ ಕಡೆಗೆ ತಿರುಗಿದ.

"ನಾ ಹೇಳಾಕತ್ತೀನಿ, ಕೇಳು. ದೂರ ಸರಿ. ಇನ್ನೂ ದೂರ. ದೆವ್ವ ಇರು, ದೇವರ ಇರು, ಈ ಹಗ್ಗ ಇನ್ನ ಮ್ಯಾಲೆ ಯಾರನ್ನೂ ಎಳಿಯಂಗಿಲ್ಲ. ಶಿವನಾಣಿ!"

ಕೈ ಕೊಡವಿದ. ಬಟ್ಟೆ ತಂತಿಯ ಮುಳ್ಳಿಗೆ ಸಿಕ್ಕೇ ಇತ್ತು, ಬರಲಿಲ್ಲ. ಅಲ್ಲೇ ಬಿಟ್ಟ. ಕ್ಯಾಂಪಿನ ಕಡೆಗೆ ಹೋಗಲಿಲ್ಲ ಅವನು. 'ಓಂ ನಮಃ ಶಿವಾಯ' ಅನ್ನುತ್ತ, ಹಿಂದೆ ತಿರುಗಿ ನೋಡದೆ, ಮತ್ತೆ ಯಾರ್ಡಿನ ಕಡೆಗೇ ನಡೆದ.

ಲಾರಿಯ ಪೆಟ್ಟಿಗೆಯ ಬೀಗ ಹಾಕಿದ ಹಾಗೇ ಇತ್ತು. ತೆಗೆದ. ಹಗ್ಗ ಸುತ್ತಿಟ್ಟ ಹಾಗೇ ಇತ್ತು. ಅದರ ಮುಳ್ಳಿಗೆ ಸಿಕ್ಕಿಕೊಂಡು ಅವನ ಧೋತರದ ತುಂಡು ನೇತಾಡುತ್ತಿತ್ತು.

ನನ್ನ ಮಗ ಅಭಿಜೀತ ಇಂಜಿನಿಯರ್. ರೀಮ್ ಐಲ್ಯಾಂಡಿನಲ್ಲಿ ಆಫೀಸು. ಈ ಕತೆ ಬಂದಾಗಲೆಲ್ಲ, "ಡೆಸರ್ಟ್ ರಾತ್ರಿ ಕೂಲ್ ಆಗ್ತದಪ್ಪಾ, ಆಗ ಸೌಂಡ್ ಬರ್ತದ," ಅನ್ನುತ್ತಾನೆ. ಬರಲಿ. ಮರಳು ತಣ್ಣಗಾದರೆ ಸಪ್ಪಳ ಬರಬಹುದು. ಹೆಸರು ಹೇಳುತ್ತದೆಯೇ? ಬೀಗ ಹಾಕಿದ ಪೆಟ್ಟಿಗೆಯೊಳಗೆ ಬಟ್ಟೆ ಹಾಕುತ್ತದೆಯೇ?

ಅಡಿವೆಪ್ಪ ಕಬ್ಬಿಣ ಕೊಯ್ಯುವ ಗ್ರೈಂಡರ್ ಹಚ್ಚಿದ. ಝರ್ರ್… ಎಂದು ಕಿಡಿ ಹಾರಿತು. ಮೊದಲ ತುಂಡು ನೆಲಕ್ಕೆ ಬಿದ್ದು ಠಣ್ ಅಂತು. ಆ ಸಪ್ಪಳಕ್ಕೆ ಗೇಬ್ರಿಯಲ್ ಲುಂಗಿ ಎತ್ತಿ ಕಟ್ಟುತ್ತ ಓಡಿ ಬಂದರು. ಅವರ ರೂಮು ಯಾರ್ಡಿನೊಳಗೇ.

"ಎಂತ ಮಾಡ್ತಾ ಇದ್ದೀಯ ನೀನು? ತಲೆ ಕೆಟ್ಟಿದೆಯಾ?"

"ಹಗ್ಗ ಕೊಯ್ಯಾಕತ್ತೀನ್ರಿ."

"ಯಾರನ್ನು ಕೇಳಿ?"

"ಕ್ಯಾಮಿಲಸ್‌ನ ಕೇಳಿ."

ಗೇಬ್ರಿಯಲ್ ಅಲ್ಲೇ ಬಿದ್ದಿದ್ದ ಒಂದು ಟಯರಿನ ಮೇಲೆ ಕುಸಿದರು. ಶಿಲುಬೆಯ ಗುರುತು ಮಾಡಿಕೊಂಡರು.

"ಆ ಹೆಸರು… ನಿನಗೆ ಯಾರು ಹೇಳಿದ್ದು? ಈ ಯಾರ್ಡಿನಲ್ಲಿ ಯಾರೂ ಆ ಹೆಸರು ತೆಗೆಯೂದಿಲ್ಲ."

"ಅವನ ಹೇಳಿದ. ಬಾವಿ ಹತ್ರ. ಟ್ಯಾಂಕರ್ ಹೂತೈತಂತ."

ಗೇಬ್ರಿಯಲ್ ಬಾಯಿಯಿಂದ ಸಂಗತಿ ತುಂಡು ತುಂಡಾಗಿ ಬಂತು. ಅಡಿವೆಪ್ಪ ಸೇರುವ ಮುಂಚಿನ ವರ್ಷ ನೀರಿನ ಟ್ಯಾಂಕರ್ ಒಂದು ಆ ಬಾವಿಯ ಹತ್ತಿರ ಮರಳಲ್ಲಿ ಹೂತಿತ್ತು. ಎಳೆದದ್ದು ಇದೇ ಹಗ್ಗದಲ್ಲಿ. ಲಾರಿಯಲ್ಲಿ ಕೂತವರು ಗೇಬ್ರಿಯಲ್. ಹಗ್ಗದ ಪಕ್ಕ ನಿಂತು ಕೈ ತೋರಿಸುತ್ತಿದ್ದವನು ಹೆಲ್ಪರ್ ಕ್ಯಾಮಿಲಸ್, ಗೇಬ್ರಿಯಲ್ ಅವರ ಊರಿನವನೇ, ಅವರೇ ವೀಸಾ ಕೊಡಿಸಿ ಕರೆತಂದವನು. ಹಗ್ಗ ಹರಿದು ಬೀಸಿತು, ಹುಡುಗ ಅಲ್ಲೇ ಹೋದ. ಆ ಮೇಲೆ ಟ್ಯಾಂಕರನ್ನು ಅಲ್ಲೇ ಬಿಚ್ಚಿ, ತುಂಡು ಮಾಡಿ ಗುಜರಿಗೆ ಹಾಕಿದರು. ಹಗ್ಗದ ಉಳಿದರ್ಧವನ್ನು ಮಾತ್ರ ಯಾರೂ ತುಂಡು ಮಾಡಲಿಲ್ಲ. ಸ್ಟೋರಿನ ಮೂಲೆಗೆ ಸೇರಿತು. ಒಂದು ದಿನ ಯಾರೋ ಅದಕ್ಕೆ ಕ್ಲಾಂಪ್ ಹಾಕಿದರು.

"ಅದು ಒಳ್ಳೇದೇ ಕಾಣ್ತಿತ್ತು ಮಾರಾಯ," ಅಂದರು. "ಒಳ್ಳೇದೇ ಕಾಣ್ತಿತ್ತು."

ಅಡಿವೆಪ್ಪ ಗ್ರೈಂಡರ್ ಕೆಳಗಿಡಲಿಲ್ಲ. "ಮುಂಜಾನೆ ನನ್ನ ವೀಸಾ ಕ್ಯಾನ್ಸಲ್ ಮಾಡ್ರಿ. ಊರಿಗೆ ಹೋಗಿ ಮಂದಿ ಹೊಲದಾಗ ಕಸಾ ತಗೀತೀನಿ. ಆದ್ರ ಈ ಹಗ್ಗ ಇವತ್ತ ರಾತ್ರಿ ತುಂಡ ಆಗೂದ. ನೀವು ಬಂದ್ರೂ ಅಷ್ಟ, ನಿಮ್ಮ ಅರಬಾಬ್ ಬಂದ್ರೂ ಅಷ್ಟ."

ಗೇಬ್ರಿಯಲ್ ಎದ್ದರು. ಹೊಡೆಯುತ್ತಾರೆ ಅಂದುಕೊಂಡನಂತೆ ಇವನು. ಅವರು ಬಂದು, ಬಗ್ಗಿ, ಹಗ್ಗದ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು.

"ಹ್ಞೂಂ," ಅಂದರು. "ಕೊಯ್ಯಿ. ಚಿಕ್ಕ ಚಿಕ್ಕದು ಮಾಡು. ಗಂಟು ಹಾಕ್ಲಿಕ್ಕೂ ಬರಬಾರದು."

ಬೆಳಗಾದ ಮೇಲೆ ಸಿಮೆಂಟಿನ ಟ್ರೇಲರ್ ನಿಂತಲ್ಲೇ ನಿಂತಿತ್ತು. ಅರಬಾಬ್ ಬಂದು ಕೂಗಾಡಿದ. ಗೇಬ್ರಿಯಲ್ ಕೈಕಟ್ಟಿ ನಿಂತು, "ಹಗ್ಗ ಮಾಫಿ, ಕೆಲಸ ಮಾಫಿ," ಅಂದರಂತೆ. ಮಾಫಿ ಅಂದರೆ ಅರಬಿಯಲ್ಲಿ 'ಇಲ್ಲ'. ಆಮೇಲೆ ಗಾಡಿ ಎಳೆಯುವ ಹೊಸ ಬೆಲ್ಟು ಬಂತು, ಎಷ್ಟು ಭಾರ ತಡೆಯುತ್ತದೆ ಅನ್ನುವ ಚೀಟಿ ಹೊಲಿದದ್ದು. ವೀಸಾದ ಮಾತು ಮತ್ತೆ ಏಳಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಅದಲ್ಲ. ಆ ಬೆಳಗ್ಗೆ, ಇನ್ನೂ ಬಿಸಿಲೇರುವ ಮೊದಲು, ಅಡಿವೆಪ್ಪ ಕ್ಯಾಂಪಿಗೆ ಬಂದು ನನ್ನನ್ನು ಎಬ್ಬಿಸಿ ಬಾವಿಯ ಹತ್ತಿರ ಕರೆದುಕೊಂಡು ಹೋದ. ಬೆಳಗಿನ ಜಾವ ಗಾಳಿ ಬೀಸಿ ಮರಳೆಲ್ಲ ಸಮವಾಗಿತ್ತು. ರಾತ್ರಿಯ ಅವನ ಹೆಜ್ಜೆಗಳೇ ಉಳಿದಿರಲಿಲ್ಲ. ಆ ಸಮ ಮರಳಿನ ಮೇಲೆ ಗಾಲಿಯ ಜಾಡು ಇತ್ತು. ಭಾರದ ಗಾಡಿಯದು, ಹಿಂದೆ ಜೋಡಿ ಗಾಲಿ. ಮರದ ಬುಡದಲ್ಲಿ ಮೊಣಕಾಲುದ್ದದ ತಗ್ಗು. ಆ ತಗ್ಗಿನಿಂದ ಜಾಡು ಎದ್ದು, ನೇರವಾಗಿ ಡಾಂಬರು ರಸ್ತೆಗೆ ಹೋಗಿ ಹತ್ತಿತ್ತು.

ಒಳಗೆ ಬಂದ ಜಾಡು ಇರಲಿಲ್ಲ. ಮರದ ಸುತ್ತ, ಬಾವಿಯ ಸುತ್ತ ನಡೆದು ಹುಡುಕಿದೆ. ಇರಲಿಲ್ಲ. ಹೊರಗೆ ಹೋದದ್ದೊಂದೇ. ನಾನೇ ಬಗ್ಗಿ ಆ ಜಾಡಿನಲ್ಲಿ ಕೈ ಇಟ್ಟು ನೋಡಿದ್ದೇನೆ. ನೀರು ಚೆಲ್ಲಿಕೊಂಡು ಹೋದ ಹಾಗೆ ಹಸಿಯಾಗಿತ್ತು.