ಹನ್ನೊಂದು ಅರ್ಜಿ

ಸಭೆಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರಿಗೆ, ಮಗಳಿಗೆ, ಡಿಪೋದ ಸಂಗಾತಿಗಳಿಗೆ, ಮರೆವಿನ ಕಾಯಿಲೆಯವರಿಗೆ ನೆರವಾಗುವ ನಮ್ಮ ಈ ಸಂಘದ ಎಲ್ಲರಿಗೂ — ನಮಸ್ಕಾರ.

ತೀರಿಕೊಂಡವರನ್ನು ಹೊಗಳಲು ನಿಂತಿಲ್ಲ. ತಪ್ಪೊಪ್ಪಿಕೊಳ್ಳಲು ನಿಂತಿದ್ದೇನೆ.

ನಮ್ಮ ಫಿಟ್ಟರಣ್ಣ ಮೂವತ್ತೊಂದು ವರ್ಷ ಬಸ್ಸು ರಿಪೇರಿ ಮಾಡಿದವರು. ನಾನು ಅದೇ ಡಿಪೋದ ಡ್ರೈವರ್. ಚಕ್ರದ ನಟ್ಟು ಬಿಗಿ ಮಾಡಿದವರು ಅದರ ಮೇಲೆ ಸೀಮೆಸುಣ್ಣದಲ್ಲಿ ಗೀಟೆಳೆಯಬೇಕು, ಅದು ನಮ್ಮ ಪದ್ಧತಿ. ಒಂದು ಬೆಳಿಗ್ಗೆ ಗೀಟು ಎಳೆದಿದ್ದರು — ನಟ್ಟು ಬಿಗಿ ಮಾಡಿರಲಿಲ್ಲ. ಯಾರೂ ಹಿಡಿಯಲಿಲ್ಲ. ಅವರೇ ಹಿಡಿದರು. ಓಡಿ ಬಂದು ಗೇಟಿನಲ್ಲಿ ನನ್ನ ಬಸ್ಸಿಗೆ ಅಡ್ಡ ನಿಂತರು — ಹೀಗೆ, ಎರಡೂ ಕೈ ಚಾಚಿ.

"ಇಳಿಯಯ್ಯ, ಇಳಿ. ಚಕ್ರ ಸಡಿಲ ಇದೆ."

ಅಲ್ಲಿಂದ ನೆಟ್ಟಗೆ ಮ್ಯಾನೇಜರ್ ಕೋಣೆಗೆ. "ಸಾರ್, ಇವತ್ತಿಂದ ನನಗೆ ಚಕ್ರದ ಕೆಲಸ ಕೊಡಬೇಡಿ. ನನ್ನ ತಲೆ ನನಗೇ ಸುಳ್ಳು ಹೇಳ್ತಿದೆ."

ಡಾಕ್ಟರು ಕಾಯಿಲೆಗೆ ಹೆಸರಿಟ್ಟದ್ದು ಅದಾಗಿ ಎಂಟು ತಿಂಗಳಿಗೆ.

ಆಮೇಲೆ ಇಲ್ಲಿಗೆ ಬಂದರು. ಆಗಲೇ ನಾನು ಸಂಘದ ಕಾರ್ಯದರ್ಶಿ. ಸದಸ್ಯತ್ವದ ಅರ್ಜಿ ಕೇಳಿದರು. "ಅತ್ತಿಗೆ ಹೆಸರಲ್ಲಿ ಬರೆಯೋಣ ಅಣ್ಣ" ಅಂದೆ.

"ಕಾಯಿಲೆ ನನಗೆ ಕಣಯ್ಯ. ಅವಳಿಗ್ಯಾಕೆ?"

"ನಿಯಮ ಹಾಗಿದೆ. ಮನೆಯವರು ಸದಸ್ಯರು. ನೀವು ಫಲಾನುಭವಿ."

ಫಲಾನುಭವಿ. ಆಳುವವರು ಬಡವರ ಬಾಯಿ ಮುಚ್ಚಿಸಲು ಬಳಸುವ ಮಾತು. ಅದು ನನ್ನ ಬಾಯಲ್ಲಿ ಬಂತು.

ಅವರು ನನ್ನನ್ನೇ ನೋಡಿದರು. "ನಮ್ಮನ್ನ ಕರೀದೆ ನಮ್ಮ ವಿಷಯ ತೀರ್ಮಾನ ಮಾಡ್ತಾರೆ ಅಂತ ಮುಷ್ಕರದಲ್ಲಿ ಡಿಪೋ ಆಫೀಸಿನ ಬಾಗಿಲಿಗೆ ಅಡ್ಡ ಮಲಗಿದ್ವಲ್ಲ, ನಾವಿಬ್ರೂ. ನನಗೆ ನೆನಪಿದೆ. ನೀನು ಮರೆತ್ಯಾ?"

ಜೊತೆಗೆ ಬಂದಿದ್ದ ಅತ್ತಿಗೆ ಅಂದರು, "ತಗೊಂಡುಬಿಡಪ್ಪ. ಇಲ್ಲಾಂದ್ರೆ ಇವತ್ತು ಬಂದಿದ್ದು ಮರೆತು ನಾಳೆನೂ ಬರ್ತಾರೆ."

ಬಂದರು. ಹನ್ನೊಂದು ಸಲ ಬಂದರು, ಹನ್ನೊಂದು ಅರ್ಜಿ ತುಂಬಿದರು. ಪ್ರತಿ ಸಲವೂ ಮೊದಲ ಸಲದಷ್ಟೇ ಬಿಸಿ ಕೋಪ. ಕಾಯಿಲೆ ಬಲಿತ ಹಾಗೆ ಅಕ್ಷರ ಗೆರೆಯಿಂದ ಕೆಳಗಿಳಿದವು, ಸಹಿ ಮಾತ್ರ ಸದಸ್ಯರ ಜಾಗ ಬಿಟ್ಟು ಕದಲಲಿಲ್ಲ. ಪ್ರತಿ ಸಲವೂ ನಾನು "ಪರಿಶೀಲಿಸ್ತೀವಿ ಅಣ್ಣ" ಅಂದೆ, ಡ್ರಾಯರ್‌ಗೆ ಹಾಕಿದೆ. ಹೇಳಲು ನಾಚಿಕೆಯಾಗುತ್ತದೆ — ಅವರು ಮರೆಯಲಿ ಎಂದು ಕಾಯುತ್ತಿದ್ದೆ. ಕಾಯಿಲೆಯನ್ನೇ ನನ್ನ ಪರ ಕೆಲಸಕ್ಕೆ ಹಚ್ಚಿದ್ದೆ.

ಹನ್ನೆರಡನೆಯ ಸಲ ಬರಲಿಲ್ಲ. ಮರೆತಿದ್ದರು. ನಾನು ಗೆದ್ದೆ. ಥೂ ಇಂಥ ಗೆಲುವಿಗೆ.

ಈ ಸಭೆ ಮುಗಿದ ಮೇಲೆ ಇದೇ ಕೋಣೆಯಲ್ಲಿ ಸರ್ವಸದಸ್ಯರ ಸಭೆ ಇದೆ. ಕಾಯಿಲೆ ಇರುವವರೂ ಸದಸ್ಯರಾಗಬೇಕು, ಅವರ ಕೈಯೂ ಮತಕ್ಕೆ ಏಳಬೇಕು — ಈ ತಿದ್ದುಪಡಿ ನಾನು ತರುತ್ತಿದ್ದೇನೆ. ಕಾರ್ಯದರ್ಶಿಯಾಗಿ ಅಲ್ಲ, ಆ ಕುರ್ಚಿ ಬಿಟ್ಟಿದ್ದೇನೆ. "ಅವರಿಗೇನು ತಿಳಿಯುತ್ತೆ" ಅನ್ನುವವರು ನಮ್ಮಲ್ಲೇ ಇದ್ದಾರೆ. ಎದ್ದು ನಿಂತು ಅನ್ನಲಿ, ಅತ್ತಿಗೆಯವರ ಎದುರಿಗೆ ಅನ್ನಲಿ.

ಈಗ ಎರಡು ನಿಮಿಷ ಮೌನ. ಒಂದು ಮಾತು — ಕಾಯಿಲೆ ಇರುವ ಹಲವರು ನಮ್ಮ ನಡುವೆ ಕೂತಿದ್ದಾರೆ. ಮಧ್ಯದಲ್ಲಿ ಯಾರಾದರೂ "ಯಾರು ಹೋಗಿದ್ದು?" ಎಂದು ಗಟ್ಟಿಯಾಗಿ ಕೇಳಬಹುದು. ಶ್ ಅನ್ನಬೇಡಿ. ಕೈ ಹಿಡಿದು ಎಳೆಯಬೇಡಿ. ಹೇಳಿ. ಮತ್ತೆ ಕೇಳಿದರೆ ಮತ್ತೆ ಹೇಳಿ. ಮೌನ ಮುರಿದರೆ ಮುರಿಯಲಿ.

ಏಳಿ.