ಬಿಸಿ ಕೇಳಿದವಳು

ಅನ್ನವೇ ದೇವರು ಎಂದು ಈಗ ತಾನೇ ಹೇಳಿದೆ. ಮಂಟಪದಲ್ಲಿ ಕೂತವರೆಲ್ಲ ತಲೆದೂಗಿದಿರಿ. ಸಂತೋಷ. ಅನ್ನ ದೇವರಾದರೆ, ಆ ದೇವರನ್ನು ದಿನಕ್ಕೆ ಮೂರು ಸಲ ಬೇಯಿಸಿ ನಿಮ್ಮ ತಟ್ಟೆಗೆ ತಂದು ಹಾಕುತ್ತಾರಲ್ಲ, ಅವರು ಯಾರು? ನೋಡಿ, ಯಾರೂ ಮಾತಾಡುತ್ತಿಲ್ಲ. ಊಟಕ್ಕೆ ತೆರೆಯುವ ಬಾಯಿ ಉತ್ತರಕ್ಕೆ ತೆರೆಯುವುದಿಲ್ಲ. ಇರಲಿ, ಒಂದು ದೃಷ್ಟಾಂತ ಹೇಳುತ್ತೇನೆ.

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಹೆಸರು ಬೇಡ. ಹೆಸರು ಹೇಳಿಬಿಟ್ಟರೆ ಓಹೋ ಅವನ ಕತೆಯೋ ಎಂದು ನೀವು ಹಾಯಾಗಿ ಗೋಡೆಗೆ ಒರಗಿಬಿಡುತ್ತೀರಿ. ಎರಡು ಅಕ್ಕಿ ಗಿರಣಿ, ಮೂರು ಅಂತಸ್ತಿನ ಮನೆ, ನಾಲ್ಕೂರಿಗೆ ಹೆಸರಾದ ನಾಲಿಗೆ. ನಾಲಿಗೆ ಎಂದರೆ ಮಾತಿನದಲ್ಲ, ರುಚಿಯದು. ಮದುವೆ ಮನೆಗಳಲ್ಲಿ ಅಡಿಗೆಯವರು ಸಾರನ್ನು ಮೊದಲು ಇವನ ಅಂಗೈಗೆ ಹಾಕಿ, ಇವನ ಹುಬ್ಬು ನೋಡಿ, ಆಮೇಲೆ ಒಲೆಯಿಂದ ಇಳಿಸುತ್ತಿದ್ದರು. ಸಾರು ಕುಡಿದು ಸಾಹುಕಾರ ತೀರ್ಪು ಸಾರುತ್ತಿದ್ದ. ಹುಣಸೆಹಣ್ಣು ಹೊಸದೋ ಹಳೆಯದೋ, ಇಂಗು ಒಗ್ಗರಣೆಗೆ ಮೊದಲು ಬಿತ್ತೋ ಕೊನೆಗೆ ಬಿತ್ತೋ, ಎಲ್ಲವನ್ನೂ ಹೇಳುತ್ತಿದ್ದ. ಅಂಥ ನಾಲಿಗೆ.

ಅವನಿಗೊಬ್ಬ ಹೆಂಡತಿ. ಅಡಿಗೆ ಅವಳ ಕೈಯಲ್ಲಿ, ಅವಳು ಅವನ ಅಡಿಯಲ್ಲಿ. ಹೀಗೆ ಮೂವತ್ತನಾಲ್ಕು ವರ್ಷ. ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಳ್ಳೆಯವನೇ. ನಮ್ಮ ನಿಮ್ಮ ಹಾಗೆ ಒಳ್ಳೆಯವನು. ಅವನದು ಒಂದೇ ಹಟ. ಊಟ ತಿಂಡಿ ಬಿಸಿಯಾಗಿರಬೇಕು. ದೋಸೆ ಹೆಂಚಿನಿಂದ ನೇರ ತಟ್ಟೆಗೆ ಬರಬೇಕು. ಒಂದು ಮುಗಿಯುವುದರೊಳಗೆ ಇನ್ನೊಂದು, ಅದು ಮುಗಿಯುವುದರೊಳಗೆ ಮತ್ತೊಂದು. ಅವನದು ಮುಗಿದರೆ ದೊಡ್ಡ ಮಗನದು, ಅವನದು ಮುಗಿದರೆ ಚಿಕ್ಕವನದು, ಅಷ್ಟರಲ್ಲಿ ಗಿರಣಿಯಿಂದ ಯಾರೋ ಬಂದರೆ ಅವರದು. ಮನೆಮಂದಿಗೆಲ್ಲ ಬಿಸಿ. ಅವಳೊಬ್ಬಳು ಬಿಜಿ.

ಒಂದು ಸಲ ಅವಳಿಗೆ ಜ್ವರ ಬಂತು. ಬಂದ ಜ್ವರ ಎಂಟು ದಿನವಾದರೂ ಹೋಗಲಿಲ್ಲ, ಆದರೆ ಅವಳ ಹಸಿವು ಹೋಯಿತು. ಬಾಯಿಗಿಟ್ಟದ್ದು ಇಳಿಯುತ್ತಿರಲಿಲ್ಲ. ಮನೆಗೆ ಬಂದ ಡಾಕ್ಟರು ಗ್ಲೂಕೋಸ್ ಬಾಟಲಿ ನೇತುಹಾಕಿ, ಸಾಹುಕಾರನನ್ನು ಬಾಗಿಲ ಹೊರಗೆ ಕರೆದರು.

"ಜ್ವರ ನಾನು ಇಳಿಸ್ತೀನಿ ಸಾಹುಕಾರ್ರೆ. ಆದ್ರೆ ಬಾಟಲಿ ಮೇಲೆ ಎಷ್ಟು ದಿನ ಇಡೋದು? ಹೊಟ್ಟೆಗೆ ಏನಾದ್ರೂ ಬೀಳ್ದಿದ್ರೆ ಈ ಜೀವ ಉಳಿಯೋದು ಕಷ್ಟ. ಅಮ್ಮಾವ್ರಿಗೆ ತುಂಬಾ ಇಷ್ಟ ಆಗೋದು ಏನು? ಅದನ್ನೇ ಮಾಡ್ಸಿ ಕೊಡಿ. ನಾಲಿಗೆ ಎದ್ರೆ ಅವರೂ ಏಳ್ತಾರೆ."

ಎಷ್ಟು ಸುಲಭದ ಪ್ರಶ್ನೆ ನೋಡಿ. ಹೆಂಡತಿಗೆ ಇಷ್ಟವಾದದ್ದು ಏನು? ನಾಲ್ಕೂರಿನ ನಾಲಿಗೆ ಅಲ್ಲೇ ಅಂಟಿಕೊಂಡಿತು. ಸಾಹುಕಾರ ನೆನಪಿನಲ್ಲಿ ತಡಕಿದ. ಬಡಿಸುವ ಕೈ ನೆನಪಿಗೆ ಬಂತು, ಬಳೆ ನೆನಪಿಗೆ ಬಂತು, ಬಳೆಗೆ ಮೆತ್ತಿದ ಹಿಟ್ಟೂ ನೆನಪಿಗೆ ಬಂತು. ತಿನ್ನುವ ಬಾಯಿ ಮಾತ್ರ ನೆನಪಿಗೆ ಬರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅವಳು ಕೂತು ತಿಂದದ್ದನ್ನು ಅವನು ನೋಡಿರಲೇ ಇಲ್ಲ. ಆದರೆ ಗೊತ್ತಿಲ್ಲ ಎಂದು ಡಾಕ್ಟರ ಮುಂದೆ ಹೇಳುವುದು ಹೇಗೆ? ಕಾಯಿ ಹೋಳಿಗೆ ಎಂದರೆ ಅವಳಿಗೆ ಪ್ರಾಣ ಎಂದುಬಿಟ್ಟ.

ಕಾಯಿ ಹೋಳಿಗೆ ಯಾರಿಗೆ ಪ್ರಾಣ? ಅವನಿಗೆ. ದೊಡ್ಡ ಮಗನನ್ನು ಕೇಳಿದರೆ ಅಮ್ಮನಿಗೆ ಹೀರೇಕಾಯಿ ಬಜ್ಜಿ ಇಷ್ಟ ಎಂದ. ಚಿಕ್ಕವನು ಅವರೆಕಾಳು ಉಪ್ಪಿಟ್ಟು ಎಂದ. ಒಬ್ಬೊಬ್ಬರೂ ತಮ್ಮ ತಮ್ಮ ಇಷ್ಟವನ್ನು ಅವಳ ಹೆಸರಿನಲ್ಲಿ ಹೇಳಿದರು. ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ಅಷ್ಟು ಚೆನ್ನಾಗಿ ಮಾಡುವವಳಿಗೆ ಅದು ಇಷ್ಟವಿಲ್ಲದೆ ಇರುತ್ತದೆಯೇ ಎಂದು ನಿಜವಾಗಿ ನಂಬಿದ್ದರು.

ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದ ದ್ಯಾವಕ್ಕ ಈಗ ಒಲೆಯ ಮುಂದೆಯೂ ನಿಂತಳು. ಹೋಳಿಗೆ ಮಹಡಿ ಮೇಲಿನ ಅವಳ ಕೋಣೆಗೆ ಹೋಯಿತು. ಸಾಹುಕಾರ್ತಿ ಬೆರಳಲ್ಲಿ ಮುಟ್ಟಿದಳು, ನಿಮಗಾಗುತ್ತೆ ಇಟ್ಕೊಳ್ಳಿ ಎಂದಳು. ಬಜ್ಜಿ ಹೋಯಿತು, ಅದೇ ಮಾತು. ಉಪ್ಪಿಟ್ಟು ಹೋಯಿತು, ಅದೇ ಮಾತು. ಅನ್ನವನ್ನು ಹಾಳು ಮಾಡಬಾರದಲ್ಲ, ದೇವರಲ್ಲವೇ? ವಾಪಸು ಬಂದ ತಟ್ಟೆಯನ್ನು ಸಾಹುಕಾರ ಭಕ್ತಿಯಿಂದ ಖಾಲಿ ಮಾಡುತ್ತಿದ್ದ. ಮೇಲೆ ಅವಳ ಬಳೆ ಮೊಣಕೈವರೆಗೂ ಜಾರುತ್ತಿತ್ತು, ಕೆಳಗೆ ಇವನ ಉಡಿದಾರ ಬಿಗಿಯಾಗುತ್ತಿತ್ತು.

ಆದರೂ ಅವನಿಗೆ ಭಯವಾಗಿತ್ತು. ಭಯ ನಿಜವಾದದ್ದೇ. ದಿನಕ್ಕೆ ಹತ್ತು ಸಲ ಹತ್ತಿರ ಹೋಗಿ ಏನು ಬೇಕೇ, ಏನು ಬೇಕೇ ಎಂದು ಕೇಳುತ್ತಿದ್ದ. ಏನಾದ್ರೂ ಆದೀತು ಎನ್ನುತ್ತಿದ್ದಳು. ಹತ್ತನೆಯ ದಿನ ಮಾತ್ರ ಅವಳು ಅವನ ಕಡೆ ತಿರುಗಿದಳು. ಯಾರದೋ ಒಡವೆ ಕೇಳುವವಳ ಹಾಗೆ ಸಂಕೋಚಪಟ್ಟುಕೊಂಡು ಒಂದು ಮಾತು ಹೇಳಿದಳು.

"ಬಿಸಿ..."

ಸಾಹುಕಾರ ಅವಳ ಹಣೆ ಮುಟ್ಟಿ ನೋಡಿದ. ಹೌದು, ಬಿಸಿಯಿತ್ತು. ಪಾಪ, ಮೈ ಸುಡುತ್ತಿದೆ ಎಂದು ಫ್ಯಾನು ಜೋರು ಮಾಡಿದ, ಒದ್ದೆ ಬಟ್ಟೆ ಹಾಕಿದ. ಸಂಜೆ ಅವಳು ಮತ್ತೆ ಬಿಸಿ ಎಂದಳು. ಮೊಸರನ್ನ ತರಿಸಿದ. ಮಾರನೆಯ ದಿನ ಎಳನೀರು, ಆಮೇಲೆ ಐಸ್ ಕ್ರೀಮು. ಅವಳಿಗೆ ಕೆಮ್ಮು ಶುರುವಾಯಿತು.

ನೋಡಿ, ನಮ್ಮ ಭಾಷೆಯಲ್ಲಿ ಕೇಳುವುದು ಎಂದರೆ ಎರಡು ಕೆಲಸ. ಪ್ರಶ್ನೆಯನ್ನೂ ಕೇಳುತ್ತೇವೆ, ಉತ್ತರವನ್ನೂ ಕೇಳುತ್ತೇವೆ. ಎರಡಕ್ಕೂ ಒಂದೇ ಮಾತು ಇಟ್ಟರು ಹಿರಿಯರು, ಒಂದು ಮಾಡಿದವನು ಇನ್ನೊಂದನ್ನೂ ಮಾಡಲಿ ಎಂದು. ಸಾಹುಕಾರ ಕೇಳಿದ, ಕೇಳಿದ, ಮತ್ತೆ ಮತ್ತೆ ಕೇಳಿದ. ಆದರೆ ಕೇಳಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ, ಕರಗಿ ನೀರಾದ ಐಸ್ ಕ್ರೀಮಿನ ಬಟ್ಟಲನ್ನು ಇಸಿದುಕೊಳ್ಳುತ್ತಾ ದ್ಯಾವಕ್ಕ ತಡೆಯಲಾರದೆ ಬಾಯಿ ಬಿಟ್ಟಳು.

"ತಪ್ಪು ತಿಳೀಬ್ಯಾಡಿ ಬುದ್ಧಿ. ಅಮ್ಮಾವ್ರು ಮೈ ಬಿಸಿ ಅಂತಿಲ್ಲ. ಬಿಸೀದು ಏನಾರ ತಿನ್ನಕ್ಕೆ ಕೊಡಿ ಅಂತಾವ್ರೆ."

ಅದಕ್ಕೇನು ವಿಶೇಷ, ಬಿಸಿಯದನ್ನು ತಿಂದೇ ಇಲ್ಲವೇ ಅವಳು ಎಂದು ಸಾಹುಕಾರ ಕೇಳಿದ.

"ಯಾವತ್ತು ತಿಂದಾರು? ಎಲ್ಲಾರ್ದೂ ಆದ್ಮೇಲೆ ತಳದಾಗಿರೋ ಹಿಟ್ಟು ಬಳ್ದು ಒಂದು ಹುಯ್ಕೊಳ್ಳೋರು. ತುತ್ತು ಮುರಿಯೋ ಹೊತ್ಗೆ ನೀವು ಕಾಪಿ ಅಂತ ಕೂಗೋರಿ. ಕಾಪಿ ಕೊಟ್ಟು ಬಂದ್ರೆ ದೋಸೆ ತಣ್ಣಗೆ ಚಕ್ಕಳ ಆಗಿರೋದು. ನಾನು ಇಪ್ಪತ್ತು ವರ್ಸ ನೋಡೀವ್ನಿ."

ಸಾಹುಕಾರ ತಟ್ಟನೆ ಹೊರಟ. ಪಂಚೆ ಎತ್ತಿ ಕಟ್ಟಿ ಅಡಿಗೆಮನೆಗೆ ಇಳಿದ. ನಾನು ಹುಯ್ದು ಕೊಡ್ತೀನಿ ಎಂದಳು ದ್ಯಾವಕ್ಕ. ಬೇಡ, ನಾನೇ ಹುಯ್ಯುತ್ತೇನೆ ಎಂದ. ಅವನೇ ಕಟ್ಟಿಸಿದ ಅಡಿಗೆಮನೆ. ಆಗ್ನೇಯ ಮೂಲೆಯಲ್ಲಿ ವಾಸ್ತು ನೋಡಿ ಕಟ್ಟಿಸಿದ್ದ. ವಾಸ್ತು ನೋಡಿದ್ದ, ವಾಸ್ತವ ನೋಡಿರಲಿಲ್ಲ. ಕಿಟಕಿ ಗೇಣುದ್ದ, ಒಲೆಯ ಮುಂದೆ ನಿಂತರೆ ಬೆನ್ನ ಮೇಲೆ ಬೆವರು ಹರಿಯುತ್ತದೆ ಎಂಬುದು ಅವನಿಗೆ ಅಂದೇ ತಿಳಿದದ್ದು.

ಹೆಂಚು ಕಾಯುವ ಮೊದಲೇ ಹಿಟ್ಟು ಹುಯ್ದ. ಅದು ಹೆಂಚನ್ನು ಬಿಟ್ಟು ಬರಲಿಲ್ಲ, ಕೆರೆದು ತೆಗೆದದ್ದಾಯಿತು. ಎರಡನೆಯದಕ್ಕೆ ಎಣ್ಣೆ ಹುಡುಕಿದ. ಕೈಗೆ ಸಿಕ್ಕ ಡಬ್ಬದಿಂದ ಧಾರಾಳವಾಗಿ ಸುರಿದ. ಅದು ದೀಪಕ್ಕೆಂದು ಇಟ್ಟಿದ್ದ ಹರಳೆಣ್ಣೆ. ಇಂಗು ಮೊದಲು ಬಿತ್ತೋ ಕೊನೆಗೆ ಬಿತ್ತೋ ಎಂದು ಹೇಳುವವನಿಗೆ ಮನೆಯ ಎಣ್ಣೆ ಡಬ್ಬ ಗೊತ್ತಿರಲಿಲ್ಲ. ಹೊಗೆಗೆ ಕಣ್ಣಲ್ಲಿ ನೀರು. ದ್ಯಾವಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪಾತ್ರೆಯ ತಳದಲ್ಲಿ ಇನ್ನೊಂದೇ ದೋಸೆಗಾಗುವಷ್ಟು ಹಿಟ್ಟು ಉಳಿದಿತ್ತು, ಮಕ್ಕಳಿಬ್ಬರ ತಿಂಡಿ ಆಗಲೇ ಆಗಿತ್ತಲ್ಲ. ಅದನ್ನು ಬಳಿದು ಹುಯ್ದ. ಬೆರಳು ಸುಟ್ಟುಕೊಂಡು ಎಬ್ಬಿಸಿದ. ಬಂತು. ದುಂಡಗೆ, ಕೆಂಪಗೆ, ಅಂಚು ಗರಿಗರಿಯಾಗಿ ಬಂತು. ಮೇಲೆ ತುಪ್ಪ ಹಾಕಿ, ತಟ್ಟೆ ಮುಚ್ಚಿ, ಸಾಹುಕಾರ ಮೆಟ್ಟಿಲ ಮೇಲೆ ಓಡಿದ. ಆ ಹೊಟ್ಟೆ ಹೊತ್ತುಕೊಂಡು ಓಡಿದ. ಆರಬಾರದು, ಆರಬಾರದು ಎಂದುಕೊಳ್ಳುತ್ತಾ ಓಡಿದ.

ಆರಲಿಲ್ಲ. ಮುಚ್ಚಳ ತೆಗೆದಾಗ ಹಬೆ ಎದ್ದಿತು. ತುಪ್ಪದ ವಾಸನೆಗೆ ಅವಳು ಕಣ್ಣು ತೆರೆದಳು. ಹನ್ನೆರಡು ದಿನದಲ್ಲಿ ಮೊದಲ ಸಲ ಮೊಣಕೈ ಊರಿ ತಾನಾಗಿ ಎದ್ದು ಕೂತಳು. ದುಪ್ಪಟಿಯೊಳಗಿನ ಕೈ ಹೊರಗೆ ಬಂತು. ತುತ್ತು ಮುರಿದಳು. ಸುಟ್ಟಿತು, ಊದಿಕೊಂಡಳು. ಬಾಯಿಯವರೆಗೆ ತಂದಳು.

ತಂದವಳು ನಿಂತಳು. ಅವನ ಮುಖ ನೋಡಿದಳು.

"ನಿಮ್ದಾಯ್ತಾ?"

ಅದು ಪ್ರಶ್ನೆಯಲ್ಲ, ತಾಯಂದಿರೇ, ನಿಮಗೆ ಗೊತ್ತು. ಅದು ಉಸಿರು. ಮೂವತ್ತನಾಲ್ಕು ವರ್ಷದಿಂದ ತುತ್ತಿಗೆ ಮೊದಲು ಬರುತ್ತಿದ್ದ ಉಸಿರು. ಅದಕ್ಕೆ ಸಾಹುಕಾರ ಆಯ್ತು ಎಂದಿದ್ದರೆ ಮುಗಿಯುತ್ತಿತ್ತು. ಎರಡಕ್ಷರ. ಆದರೆ ಅವನು ಸತ್ಯವಂತ. ಅಂದು ಬೆಳಗಿನಿಂದ ಅವನ ತಿಂಡಿ ಆಗಿರಲಿಲ್ಲ. ಹಸಿದಿದ್ದ. ಎಷ್ಟು ಓಡಾಡಿದ್ದೇನೆ ಎಂಬುದು ಅವಳಿಗೂ ಗೊತ್ತಾಗಲಿ ಎಂದಿರಬೇಕು.

"ಎಲ್ಲಿ ಬಂತು ಕಣೆ. ಬೆಳಿಗ್ಗೆಯಿಂದ ನಿಂಗೇ ಒದ್ದಾಡ್ತಿದೀನಿ."

ಅವಳು ತುತ್ತನ್ನು ತಟ್ಟೆಗೆ ಇಳಿಸಿದಳು. ತಟ್ಟೆಯನ್ನು ಅವನ ಕಡೆ ತಳ್ಳಿದಳು.

"ಮೊದ್ಲು ನೀವು ತಿನ್ನಿ. ಆರಿಹೋಗುತ್ತೆ."

ಅವನು ಬೇಡ ಎಂದ. ಒಂದು ಸಲ ಎಂದ. ಆಮೇಲೆ, ಅವಳ ಸಮಾಧಾನಕ್ಕೆ ಒಂದು ತುತ್ತು ಎಂದು ಮುರಿದ. ತಾನೇ ಮಾಡಿದ ದೋಸೆ, ರುಚಿ ನೋಡಬೇಡವೇ? ಉಪ್ಪು ಒಂಚೂರು ಮುಂದಾಯಿತು ಎಂದ. ಇನ್ನೊಂದು ತುತ್ತು ಮುರಿದ. ಕೈಗೆ ಅಭ್ಯಾಸವಾಗಿತ್ತು, ಬಾಯಿಗೆ ಅಭ್ಯಾಸವಾಗಿತ್ತು. ತಿಂದ. ಹೌದು, ತಿಂದ. ತಲೆ ಎತ್ತಿದಾಗ ತಟ್ಟೆ ಖಾಲಿ. ಅವಳು ಅವನನ್ನೇ ನೋಡುತ್ತಿದ್ದಳು. ಕೋಪದಿಂದಲ್ಲ, ತೃಪ್ತಿಯಿಂದ.

"ಇನ್ನೊಂದು ತರಿಸ್ಲಾ?" ಎಂದಳು.

ಆಗ ಸಾಹುಕಾರನಿಗೆ ಎಚ್ಚರವಾಯಿತು. ಕೆಳಗೆ ಓಡಿದ. ಹಿಟ್ಟಿರಲಿಲ್ಲ. ಅಕ್ಕಿ ಮೂಟೆಗಟ್ಟಲೆ ಇತ್ತು, ಆದರೆ ಅಕ್ಕಿ ನೆನೆಯಬೇಕು, ರುಬ್ಬಬೇಕು, ಹುದುಗಬೇಕು. ಗಂಜಿಯನ್ನಾದರೂ ಕಾಯಿಸೆಂದು ದ್ಯಾವಕ್ಕನಿಗೆ ಹೇಳಿ, ಕುದಿಯುವ ಗಂಜಿಯನ್ನು ಹಿಡಿದು ಅವನು ಮೇಲೆ ಬರುವ ಹೊತ್ತಿಗೆ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎಬ್ಬಿಸಿದರೆ ಏಳಲಿಲ್ಲ. ಒಂದೇ ಮಾತು ಹೇಳಿದಳು. ಸಾಕು.

ಸಾಕು ಎಂಬ ಮಾತಿಗೂ ನಮ್ಮಲ್ಲಿ ಎರಡು ಅರ್ಥ. ಮನೆಮಂದಿಯನ್ನೆಲ್ಲ ಹೊಟ್ಟೆ ತುಂಬಿಸಿ ಸಾಕುವುದು ಒಂದು. ಅದನ್ನು ಅವಳು ಮೂವತ್ತನಾಲ್ಕು ವರ್ಷ ಮಾಡಿದ್ದಳು. ಇನ್ನೊಂದು ಅರ್ಥವನ್ನು ಅಂದು ಒಂದು ಸಲ ಹೇಳಿದಳು. ಮೂರನೆಯ ದಿನ ಹೋದಳು. ಊರಿನವರು ಜ್ವರ ಎಂದರು. ಎರಡು ಅಕ್ಕಿ ಗಿರಣಿಯ ಮನೆಯಲ್ಲಿ ಒಬ್ಬ ಹೆಂಗಸು ಹೊಟ್ಟೆಗಿಲ್ಲದೆ ಸತ್ತಳು ಎಂದು ಯಾರೂ ಹೇಳಲಿಲ್ಲ.

ಅಂದಿನಿಂದ ಸಾಹುಕಾರ ಬಿಸಿಯದನ್ನು ಮುಟ್ಟಲಿಲ್ಲವಂತೆ. ದೋಸೆ ಬಂದರೆ ಆರಲು ಬಿಟ್ಟು, ತಣ್ಣಗೆ ಚಕ್ಕಳವಾದ ಮೇಲೆ ತಿನ್ನುತ್ತಿದ್ದನಂತೆ. ಎಂಥ ವ್ರತ, ಎಂಥ ಪ್ರೀತಿ ಎಂದು ಜನ ಕೈಮುಗಿದರಂತೆ. ನಾನು ಕೈಮುಗಿಯುವುದಿಲ್ಲ. ಇವನು ಆರಿದ್ದು ತಿಂದರೆ ಸುಟ್ಟು ಬೂದಿಯಾದವಳ ಬಾಯಿಗೆ ಬಿಸಿ ಬೀಳುತ್ತದೆಯೇ? ಆ ವ್ರತದಲ್ಲೂ ತಿಂದವನು ಅವನೇ. ಆ ದೋಸೆ ಹುಯ್ದು, ಆರುವುದನ್ನು ಕಾಯುತ್ತಾ ನಿಂತವಳು ಮತ್ತೊಬ್ಬ ಹೆಂಗಸು, ದ್ಯಾವಕ್ಕ.

ಈಗ ನಿಮ್ಮ ಕಡೆ ಬರೋಣ. ನಮ್ಮ ಮನೆಯಲ್ಲಿ ಹಾಗಿಲ್ಲ ಎನ್ನುತ್ತೀರಿ. ಸರಿ, ಮನಸ್ಸಿನಲ್ಲೇ ಒಂದು ಹೆಸರು ಹೇಳಿ. ನಿಮ್ಮ ಮನೆಯಲ್ಲಿ ಒಲೆ ಮುಂದೆ ನಿಲ್ಲುವವರಿಗೆ ಇಷ್ಟವಾದ ತಿಂಡಿ ಯಾವುದು? ಹೇಳಿದಿರಾ? ಈಗ ನಿಜ ಹೇಳಿ, ಅದು ನಿಮಗೆ ಇಷ್ಟವಾದದ್ದಲ್ಲವೇ? ತಾಯಂದಿರೇ, ನೀವೂ ನಗಬೇಡಿ. ಕೊನೆಗೆ ಕೂರುವುದೇ ಹೆಂಗಸಿನ ಗರತಿತನ ಎಂದು ಸೊಸೆಗೆ ಕಲಿಸುತ್ತಿರುವವರು ಯಾರು? ಮಗ ತಟ್ಟೆ ತೊಳೆದರೆ ಮೂಗು ಮುರಿಯುವವರು ಯಾರು?

ದೊಡ್ಡ ತಪಸ್ಸನ್ನು ನಾನು ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಮೊದಲ ದೋಸೆ ಹೆಂಚಿನಿಂದ ಎದ್ದಾಗ, ನಿಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳಿ. ಹುಯ್ದವರ ಬಾಯಿಗೆ ಅದು ಹೋಗಲಿ. ನೀವು ಸೌಟು ಹಿಡಿಯಿರಿ, ಎರಡು ಕೆಡಿಸಿ, ಮೂರನೆಯದು ಬರುತ್ತದೆ. ಅವರು ತಿನ್ನುವಾಗ ಕಾಫಿ ಎಂದು ಕೂಗಬೇಡಿ. ಏನು ಬೇಕು ಎಂದು ಕೇಳಿದರೆ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೇಳಿ.

ನಾಳೆಯವರೆಗೂ ಯಾಕೆ? ಈ ಮಂಟಪದ ಹಿಂದೆ ಐದು ಗಂಟೆಯಿಂದ ಹನ್ನೊಂದು ಜನ ಹೆಂಗಸರು ನಿಮ್ಮ ಪ್ರಸಾದಕ್ಕೆ ಬೇಯುತ್ತಿದ್ದಾರೆ. ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದು ಮಾತೂ ಅವರ ಕಿವಿಗೆ ಬಿದ್ದಿಲ್ಲ. ಬೀಳಬೇಕಾಗಿಯೂ ಇಲ್ಲ, ತಪ್ಪು ಅವರದಲ್ಲವಲ್ಲ. ಇವತ್ತು ಮೊದಲ ಪಂಕ್ತಿ ಅವರದು. ಎಲೆ ನೀವು ಹಾಕಿ, ಬಡಿಸುವುದೂ ನೀವೇ. ನನಗೂ ಒಂದು ಬಕೆಟ್ ಕೊಡಿ, ನಾನೂ ಬಡಿಸುತ್ತೇನೆ. ಅವರು ಸುಲಭಕ್ಕೆ ಕೂರುವುದಿಲ್ಲ, ಈಗಲೇ ಹೇಳಿರುತ್ತೇನೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ನಿಮ್ಮ ಮುಖ ನೋಡಿ, ನಿಮ್ದಾಯ್ತಾ ಎನ್ನುತ್ತಾರೆ.

ಆಯ್ತು ಅನ್ನಿ. ಹೊಟ್ಟೆ ತಾಳ ಹಾಕುತ್ತಿದ್ದರೂ ಆಯ್ತು ಅನ್ನಿ. ಆ ಸುಳ್ಳಿನ ಪಾಪ ನನ್ನ ತಲೆಗಿರಲಿ. ಏಳಿ.